ಈಶ್ವರಮ್ಮನ ಮಾತು ಎಲ್ಲಿ?

ಸುರಪುರದ ಕೊನೆಯ ದೊರೆಯ ಕಥೆ ಕೇಳಬೇಕೆಂದರೆ ಮೆಡೋಸ್ ಟೇಲರನ ಆತ್ಮಕಥೆಯನ್ನು ತೆರೆಯದೆ ದಾರಿಯಿಲ್ಲ. 1841ರಲ್ಲಿ ಸುರಪುರಕ್ಕೆ ಬಂದ ಈ ಬ್ರಿಟಿಷ್ ಅಧಿಕಾರಿ 1853ರವರೆಗೆ ಅಲ್ಲಿದ್ದ. ಪುಸ್ತಕ ಹೊರಬಂದದ್ದು ಅವನು ತೀರಿಕೊಂಡ ಮರುವರ್ಷ, 1877ರಲ್ಲಿ, ಮಗಳ ಸಂಪಾದನೆಯಲ್ಲಿ. ಓದತೊಡಗಿದರೆ ಕೆಳಗಿಡಲಾಗುವುದಿಲ್ಲ. ಅದೇ ಅದರ ಶಕ್ತಿ; ನಮ್ಮನ್ನು ಮೋಸಗೊಳಿಸುವುದೂ ಅದೇ.

ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕ, ಅಂದರೆ ಆ ಕೊನೆಯ ದೊರೆ, ಇನ್ನೂ ಎಳೆಯ ಹುಡುಗ. ಅವನು ದೊಡ್ಡವನಾಗುವ ತನಕ ಆಡಳಿತ ಯಾರ ಕೈಲಿರಬೇಕು? ತನ್ನದು ಎಂದಳು ತಾಯಿ ಈಶ್ವರಮ್ಮ. ಈಸ್ಟ್ ಇಂಡಿಯಾ ಕಂಪನಿಯ ಒಲವು ಮಾತ್ರ ಚಿಕ್ಕಪ್ಪ ಪಿಡ್ಡ ನಾಯಕನ ಕಡೆಗಿತ್ತು. ಟೇಲರ್ ಈ ಜಗಳವನ್ನು ಅಧಿಕಾರದ ಪ್ರಶ್ನೆಯಾಗಿ ಬರೆಯುವುದಿಲ್ಲ, ರಾಣಿಯ ನಡತೆಯ ಪ್ರಶ್ನೆಯಾಗಿ ಬರೆಯುತ್ತಾನೆ. ಗಂಡಸು ಗದ್ದುಗೆ ಕೇಳಿದರೆ ಹಕ್ಕು, ಹೆಂಗಸು ಕೇಳಿದರೆ ಒಳಸಂಚು! ಅಂತಃಪುರದ ಗುಸುಗುಸು ಅವನ ಬರಹದಲ್ಲಿ ಸಾಕ್ಷ್ಯದ ತೂಕ ಪಡೆದುಬಿಡುತ್ತದೆ.

ರಾಣಿಯ ಮಾತು ಬಿಟ್ಟು ಅವಳ ಕಥೆ ಬರೆಯುವುದು ಹಳೆಯ ಚಾಳಿ. ಈಜಿಪ್ಟಿನ ಫೇರೋ ಮೂರನೆಯ ರಾಮ್‌ಸೆಸ್‌ನ ವಿರುದ್ಧ ಅವನ ರಾಣಿಯೊಬ್ಬಳಾದ ತಿಯೆ ಸಂಚು ಹೂಡಿದಳು. ಮಗನನ್ನು ಪಟ್ಟಕ್ಕೆ ತರುವುದು ಅವಳ ಉದ್ದೇಶ. ಆ ವಿಚಾರಣೆಯ ದಾಖಲೆ ಇಂದಿಗೂ ಇಟಲಿಯ ಟ್ಯೂರಿನ್‌ನಲ್ಲಿದೆ. ಅದರಲ್ಲಿ ಹಲವು ಆರೋಪಿಗಳ ಹೆಸರನ್ನೇ ತಿರುಚಿ ಬೈಗುಳ ಮಾಡಿದ್ದಾರೆ; ತಿಯೆ ಏನೆಂದಳೆಂಬುದು ಇಲ್ಲ. ರಾಮ್‌ಸೆಸ್‌ನ ಕುತ್ತಿಗೆ ಕೊಯ್ದಿತ್ತೆಂದು 2012ರಲ್ಲಿ ಮಮ್ಮಿಯ ಸ್ಕ್ಯಾನಿಂಗ್ ತೋರಿಸಿತು. ದೊರೆಯ ಗಾಯ ಮೂರು ಸಾವಿರ ವರ್ಷದ ಮೇಲೂ ಸಾಕ್ಷಿ ನುಡಿಯಿತು. ರಾಣಿಯ ಮಾತು ಸಿಗಲಿಲ್ಲ.

ಟೇಲರ್ ಕೆಟ್ಟವನೆಂದು ನಾನು ಹೇಳುತ್ತಿಲ್ಲ. ಬೋನಾಳ ಕೆರೆಯ ಕೆಲಸಕ್ಕೆ ಅವನು ಕೊಟ್ಟ ಗಮನವನ್ನು ಈ ಸೀಮೆ ಮರೆತಿಲ್ಲ, ಗುಡ್ಡದ ಮೇಲೆ ಟೇಲರ್ ಮಂಜಿಲ್ ಇಂದಿಗೂ ನಿಂತಿದೆ. ಹುಡುಗನ ಮೇಲಿನ ಅವನ ಅಕ್ಕರೆ ನಿಜವಾದದ್ದು. ಆದರೆ ಅವನು ಮೊದಲು ಕಾದಂಬರಿಕಾರ. ಮಗ 24ನೇ ವರ್ಷ ದಾಟಲಾರನೆಂಬ ಜಾತಕದ ಗುಟ್ಟು ಈಶ್ವರಮ್ಮನಿಗೆ ಗೊತ್ತಿತ್ತು, ಅದು ಟೇಲರನಿಗೂ ತಿಳಿಯಿತು. ಅವನ ಕೈಯಲ್ಲಿ ಆ ಜಾತಕ ಕಥೆಗೆ ಕಟ್ಟಿದ ಗಂಟು, ಕೊನೆಯಲ್ಲಿ ಬಿಚ್ಚಲು ಇಟ್ಟುಕೊಂಡದ್ದು. ಹೆತ್ತವಳು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ವರ್ಷಗಟ್ಟಲೆ ಹೇಗೆ ಬದುಕಿದಳು, ಅವಳ ಹಟದಲ್ಲಿ ಆ ಭಯದ ಪಾಲೆಷ್ಟು ಎಂದು ಅವನು ಕೇಳಿಕೊಳ್ಳುವುದಿಲ್ಲ.

ಪುಸ್ತಕದ ಅತ್ಯುತ್ತಮ ಪುಟಗಳು ಸೆರೆಮನೆಯವು. 1858ರ ಫೆಬ್ರುವರಿಯಲ್ಲಿ ಬ್ರಿಟಿಷರೊಂದಿಗೆ ನಡೆದ ಕಾಳಗದ ನಂತರ ಹೈದರಾಬಾದಿನಲ್ಲಿ ಸಿಕ್ಕಿಬಿದ್ದ ವೆಂಕಟಪ್ಪ ನಾಯಕ, ನೋಡಲು ಬಂದ ಟೇಲರನನ್ನು ‘ಅಪ್ಪಾ’ ಎಂದು ತಬ್ಬಿಕೊಂಡ. ನಮ್ಮ ಕಡೆ ಹಿರಿಯರನ್ನೂ ಮಠದ ಸ್ವಾಮಿಗಳನ್ನೂ ಅಪ್ಪಾ ಎನ್ನುತ್ತೇವೆ. ಟೇಲರ್ ಅದರಲ್ಲಿ ತಂದೆತನವನ್ನಷ್ಟೇ ಕೇಳಿಸಿಕೊಂಡ. ದಂಗೆಗೆ ಎತ್ತಿಕಟ್ಟಿದವರು ಯಾರೆಂದು ಹೇಳಿಸಲು ಅದೇ ಅಕ್ಕರೆಯನ್ನು ಬಳಸಲಾಯಿತು. ಹುಡುಗ ಯಾರ ಹೆಸರನ್ನೂ ಬಾಯಿಬಿಡಲಿಲ್ಲ. ಗಲ್ಲಿಗೇರಿಸಬೇಡಿ, ತೋಪಿನ ಬಾಯಿಗೆ ಕಟ್ಟಿ, ನಾನು ನಡುಗುವುದಿಲ್ಲ ಎಂದ. ತನಗೆ ಸೋಲಾದ ಈ ಘಳಿಗೆಯನ್ನು ಟೇಲರ್ ಮುಚ್ಚಿಡದೆ ಬರೆದಿದ್ದಾನೆ, ಅದಕ್ಕಾಗಿ ಅವನನ್ನು ಗೌರವಿಸುತ್ತೇನೆ.

ಮರಣದಂಡನೆ ಇಳಿದು ಇಳಿದು ಕೊನೆಗೆ ನಾಲ್ಕು ವರ್ಷದ ಸೆರೆಯಾಯಿತು. ಚೆಂಗಲ್‌ಪಟ್ಟಿಗೆ ಒಯ್ಯುವ ದಾರಿಯಲ್ಲಿ, ಕಾವಲಿನ ಅಧಿಕಾರಿಯ ರಿವಾಲ್ವರಿನ ಗುಂಡಿಗೆ ದೊರೆ ಸತ್ತ. ತಾನಾಗಿ ಹೊಡೆದುಕೊಂಡನೋ, ಆಕಸ್ಮಿಕವಾಗಿ ಹಾರಿತೋ ಎಂದು ಟೇಲರ್ ತೀರ್ಪು ಕೊಡದೆ ಬಿಟ್ಟಿದ್ದಾನೆ. ಮಗನ ಸಾವಿಗೆ ಕೊಟ್ಟ ಆ ಸಂಶಯದ ಲಾಭವನ್ನು ತಾಯಿಯ ಬದುಕಿಗೆ ಅವನು ಒಂದು ಪುಟದಲ್ಲೂ ಕೊಡಲಿಲ್ಲ.