ಮಿತ್ರಸೇನೆಗಳ ಸೋಲು ಗೆಲುವು: ೧೭೯೧-೯೨ರ ಶ್ರೀರಂಗಪಟ್ಟಣದ ದಂಡಯಾತ್ರೆಗಳ ಕಥನವನ್ನು ಕುರಿತು

ಪಠ್ಯಗ್ರಂಥಗಳಲ್ಲಿ ಮೂರನೆಯ ಮೈಸೂರು ಯುದ್ಧವೆಂದು ಹೆಸರಾಗಿರುವ ೧೭೯೦-೯೨ರ ಸಮರವು ಮೂರು ರಾಜಶಕ್ತಿಗಳು ಕೂಡಿ ಒಂದು ರಾಜ್ಯದ ಮೇಲೆ ನಡೆಸಿದ ಯುದ್ಧ. ಇಂಗ್ಲಿಷ್ ಕಂಪನಿಯು ೧೭೯೦ರ ಜೂನ್ ೧ರಂದು ಪುಣೆಯಲ್ಲಿ ಪೇಶ್ವೆಯ ದರಬಾರಿನೊಡನೆಯೂ ಜುಲೈ ೪ರಂದು ಪಾನಗಲ್ಲಿನಲ್ಲಿ ನಿಜಾಮನೊಡನೆಯೂ ಒಪ್ಪಂದ ಮಾಡಿಕೊಂಡಿತು. ಎರಡು ವರ್ಷಗಳೊಳಗೆ ಟಿಪ್ಪು ಸುಲ್ತಾನನು ಅರ್ಧ ರಾಜ್ಯವನ್ನು ಕಳೆದುಕೊಂಡನು. ಇಷ್ಟಾದರೂ ನಮ್ಮ ತರಗತಿಗಳಲ್ಲಿ ಈ ಯುದ್ಧವು ಲಾರ್ಡ್ ಕಾರ್ನ್‌ವಾಲಿಸನ ಚರಿತ್ರೆಯ ಒಂದು ಅಧ್ಯಾಯವೆಂಬಂತೆ ನಿರೂಪಿತವಾಗುತ್ತದೆ. ಅವನು ಒಮ್ಮೆ ಮಳೆಯಿಂದ ಹಿಮ್ಮೆಟ್ಟಿದನು, ಮರುವರ್ಷ ಗೆದ್ದನು. ಮರಾಠರೂ ನಿಜಾಮನ ಸರದಾರರೂ ಲೂಟಿಯಲ್ಲಿ ಪಾಲಿಗೆ ಬಂದವರು, ದಂಡಿಗೆ ಭಾರವಾಗಿದ್ದವರು. ಈ ಚಿತ್ರವು ಎಲ್ಲಿಂದ ಬಂದಿತು, ನಡೆದ ಸಂಗತಿಗಳು ಇದನ್ನು ಎಷ್ಟರಮಟ್ಟಿಗೆ ಸಮರ್ಥಿಸುತ್ತವೆ ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಚಿತ್ರದ ಮೂಲ ಗೂಢವೇನಲ್ಲ. ಕಾರ್ನ್‌ವಾಲಿಸನ ದಂಡಿನಲ್ಲಿ ಅಧಿಕಾರಿಯಾಗಿದ್ದ ಡಿರೋಮನ ವೃತ್ತಾಂತವು ೧೭೯೩ರಲ್ಲಿಯೂ, ಧಾರವಾಡದ ಕಡೆ ಮರಾಠರ ಜೊತೆಗಿದ್ದ ಕ್ಯಾಪ್ಟನ್ ಲಿಟ್ಲನ ತುಕಡಿಯ ಎಡ್ವರ್ಡ್ ಮೂರನ ಗ್ರಂಥವು ೧೭೯೪ರಲ್ಲಿಯೂ ಪ್ರಕಟವಾದುವು. ಮುಂದೆ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸನು ತನ್ನ ದಕ್ಷಿಣ ಭಾರತದ ಚರಿತ್ರೆಯಲ್ಲಿ ಈ ಯುದ್ಧವನ್ನು ವಿಸ್ತಾರವಾಗಿ ವರ್ಣಿಸಿದನು. ಮೂವರೂ ಸೈನಿಕರು, ಒಂದೇ ಪಾಳೆಯದವರು. ಇವರು ಸುಳ್ಳು ಬರೆದರೆಂದು ನಾನು ಹೇಳುತ್ತಿಲ್ಲ. ಸಂಗತಿಗಳ ವಿಷಯದಲ್ಲಿ ವಿಲ್ಕ್ಸನಷ್ಟು ಎಚ್ಚರವುಳ್ಳ ಲೇಖಕರು ಆ ಕಾಲದಲ್ಲಿ ವಿರಳ. ದೋಷವಿರುವುದು ತೂಕದಲ್ಲಿ. ತಮ್ಮವರ ಲೋಪಕ್ಕೆ ಕಾರಣವನ್ನು ಹುಡುಕುವ ಇವರು ಮಿತ್ರರ ಲೋಪಕ್ಕೆ ಸ್ವಭಾವವನ್ನೇ ಕಾರಣವಾಗಿ ಹೇಳಿಬಿಡುತ್ತಾರೆ. ಧಾರವಾಡದ ಮುತ್ತಿಗೆಯಲ್ಲಿ ಮರಾಠರ ಗೋಲಂದಾಜರು ಒಂದು ಗುಂಡು ಹಾರಿಸಿ, ಕುಳಿತು ಹೊಗೆ ಸೇದಿ, ಹರಟೆ ಮುಗಿದ ಬಳಿಕ ಮತ್ತೊಂದನ್ನು ತುಂಬುತ್ತಿದ್ದರೆಂದು ಮೂರನು ಪರಿಹಾಸ್ಯ ಮಾಡಿರುವುದನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ೧೭೯೦ರ ಸೆಪ್ಟೆಂಬರಿನಿಂದ ೧೭೯೧ರ ಏಪ್ರಿಲ್ ಆರಂಭದವರೆಗೆ ಆ ಕೋಟೆಯನ್ನು ಹಿಡಿದು ನಿಂತ ಬದರುಜ್ಜಮಾನ್ ಖಾನನ ಸ್ಥೈರ್ಯವನ್ನಾಗಲಿ, ಮುತ್ತಿಗೆಯನ್ನು ಉದ್ದಕ್ಕೂ ಕಾಡಿದ ಮದ್ದುಗುಂಡಿನ ಕೊರತೆಯನ್ನಾಗಲಿ ಅಷ್ಟೇ ಉತ್ಸಾಹದಿಂದ ಎತ್ತುವವರು ಕಡಮೆ.

ಈಗ ೧೭೯೧ರ ಮೇ ತಿಂಗಳಿನ ಸಂಗತಿಗೆ ಬರೋಣ. ಮಾರ್ಚ್ ೨೧ರಂದು ಬೆಂಗಳೂರನ್ನು ಹಿಡಿದಿದ್ದ ಕಾರ್ನ್‌ವಾಲಿಸನು ಮಳೆಗೆ ಮುನ್ನವೇ ಯುದ್ಧವನ್ನು ಮುಗಿಸುವ ಆತುರದಿಂದ ಮೇ ಮೊದಲ ವಾರದಲ್ಲಿ ಶ್ರೀರಂಗಪಟ್ಟಣದತ್ತ ಹೊರಟನು. ಚೆನ್ನಪಟ್ಟಣದ ನೇರವಾದ ದಾರಿಯನ್ನು ಬಿಟ್ಟು ಕಾನಕಾನಹಳ್ಳಿಯ ಮಾರ್ಗವನ್ನು ಹಿಡಿದನು. ಟಿಪ್ಪುವಿನ ಆಜ್ಞೆಯಂತೆ ಆ ಸೀಮೆಯು ಮೊದಲೇ ಬರಿದಾಗಿತ್ತು. ಮೇವಿಲ್ಲದೆ ಫಿರಂಗಿ ಎಳೆಯುವ ಎತ್ತುಗಳು ಬಿದ್ದು ಸತ್ತುವು. ಜೊತೆಯಲ್ಲಿ ನಿಜಾಮನ ಹತ್ತು ಸಾವಿರ ಸವಾರರಿದ್ದರು. ಅವರು ದಂಡಿನ ಮೇವನ್ನು ತಿಂದರಲ್ಲದೆ ಹೊರಗೆ ಸುಳಿದು ಶತ್ರುವಿನ ಲಘುಸವಾರರನ್ನು ಅಟ್ಟಲಿಲ್ಲವೆಂಬ ದೂರು ನಿಜವೆಂದೇ ತೋರುತ್ತದೆ. ದಂಡು ಅರಕೆರೆಯನ್ನು ಮುಟ್ಟಿದಾಗ ಕಾವೇರಿ ತುಂಬಿ ಹರಿಯುತ್ತಿದ್ದಳು. ಮೇ ೧೫ರ ಕಾಳಗದಲ್ಲಿ ಕಾರ್ನ್‌ವಾಲಿಸನಿಗೇ ಜಯವಾಯಿತು. ಆದರೆ ಗೆದ್ದ ದಂಡಿಗೆ ತಿನ್ನಲು ಅಕ್ಕಿಯಿಲ್ಲ. ಪಶ್ಚಿಮದಿಂದ ಪಿರಿಯಾಪಟ್ಟಣದವರೆಗೆ ಬಂದಿದ್ದ ಅಬರ್‌ಕ್ರೊಂಬಿಯನ್ನು ಕೂಡಿಕೊಳ್ಳಲು ಕನ್ನಂಬಾಡಿಯವರೆಗೆ (ಆ ಹಳೆಯ ಊರು ಈಗ ಕೃಷ್ಣರಾಜಸಾಗರದ ನೀರಿನಡಿಯಲ್ಲಿದೆ) ಹೋದರೂ ಅದು ಕೈಗೂಡಲಿಲ್ಲ. ಅಬರ್‌ಕ್ರೊಂಬಿಗೆ ಮಲಬಾರಿಗೆ ಹಿಂದಿರುಗುವಂತೆ ಆಜ್ಞೆ ಹೋಯಿತು. ಮೇ ೨೨ರಂದು ಕಾರ್ನ್‌ವಾಲಿಸನು ಮುತ್ತಿಗೆಯ ಫಿರಂಗಿಗಳನ್ನು ತಾನೇ ಒಡೆಸಿಹಾಕಿದನು.

ಇದಾದ ನಾಲ್ಕೇ ದಿನಕ್ಕೆ, ಮೇ ೨೬ರಂದು, ಬೆಂಗಳೂರಿನ ಕಡೆಗೆ ತಿರುಗಿ ಮೊದಲ ಪಯಣ ಹೊರಟ ದಂಡಿನ ಮುಂದೆ ಕುದುರೆ ಸವಾರರ ದೊಡ್ಡ ಗುಂಪು ಕಾಣಿಸಿತು. ಶತ್ರುವೆಂದೇ ಬಗೆದು ಎಲ್ಲರೂ ಕಾದಾಟಕ್ಕೆ ಅಣಿಯಾದರು. ಬಂದವರು ಹರಿಪಂತ ಫಡಕೆ, ಪರಶುರಾಮ ಭಾವೂ ಪಟವರ್ಧನರ ಮರಾಠಾ ದಂಡಿನವರು! ಮೇಲುಕೋಟೆಯ ಪ್ರಾಂತದಲ್ಲಿ ಎರಡು ದಂಡುಗಳೂ ಕೂಡಿದುವು. ಇಷ್ಟು ದೊಡ್ಡ ಸೇನೆಯೊಂದು ಸಮೀಪಕ್ಕೆ ಬರುತ್ತಿದ್ದುದು ಅದರ ಮಿತ್ರನಿಗೇ ತಿಳಿಯದೆ ಹೋದುದಕ್ಕೆ ವಿಲ್ಕ್ಸನು ಕೊಡುವ ಕಾರಣ, ಟಿಪ್ಪುವಿನ ಸವಾರರು ಓಲೆಕಾರರೆಲ್ಲರನ್ನೂ ದಾರಿಯಲ್ಲೇ ತಡೆದರೆಂಬುದು. ಇದು ಸರಿಯಾದ ಕಾರಣ, ಆದರೆ ಅರ್ಧ ಕಾರಣ. ಓಲೆಗಳು ನಿಂತುಹೋದಮೇಲೂ, ಮರಾಠರು ಎಲ್ಲಿದ್ದಾರೆಂಬ ಖಚಿತ ಜ್ಞಾನವಿಲ್ಲದೆಯೇ ಕಾರ್ನ್‌ವಾಲಿಸನು ಮುಂದೆ ನಡೆದನೆಂಬುದು ಈ ಇಂಗ್ಲಿಷ್ ಲೇಖಕರ ಮಾತಿನಿಂದಲೇ ಸಿದ್ಧವಾಗುತ್ತದೆ. ಟಿಪ್ಪುವಿನ ಸವಾರರನ್ನು ಹಿಮ್ಮೆಟ್ಟಿಸಿ ಸುದ್ದಿಯ ದಾರಿಯನ್ನು ತೆರೆದಿಡಬಲ್ಲ ಬಲವು ಮೂರು ಮಿತ್ರರಲ್ಲಿ ಮರಾಠರಲ್ಲಿ ಮಾತ್ರವೇ ಇತ್ತು. ಆ ಬಲವನ್ನು ಕಾಯದೆ ಹೊರಟವನಿಗೆ ಸುದ್ದಿಯೂ ತಪ್ಪಿತು, ಅಕ್ಕಿಯೂ ತಪ್ಪಿತು. ಮೇ ತಿಂಗಳ ವೈಫಲ್ಯವನ್ನು ಮಳೆಯ ಮೇಲೆ ಹೊರಿಸುವುದು ನಮ್ಮ ಪಠ್ಯಗ್ರಂಥಕಾರರ ಸೌಜನ್ಯ.

ಹಸಿದ ದಂಡನ್ನು ಉಳಿಸಿದುದು ಮರಾಠರ ಬಜಾರು. ಬೆಲೆ ಬಲು ದುಬಾರಿಯಾಗಿದ್ದರೂ ಧಾನ್ಯ ದೊರೆಯಿತು. ಆ ಬಜಾರಿನ ವರ್ಣನೆಯು ವಿಲ್ಕ್ಸನ ಗ್ರಂಥದ ಪ್ರಸಿದ್ಧ ಭಾಗಗಳಲ್ಲೊಂದು: ವಿಲಾಯತಿಯ ಬನಾತು, ಕಾಶ್ಮೀರದ ಶಾಲು, ವಜ್ರ, ಕಡೆಗೆ ಯಾವಳೋ ಬಡ ಹಳ್ಳಿಯ ಹೆಣ್ಣಿನ ಕಿವಿಯಿಂದ ಕಿತ್ತ ಬೆಳ್ಳಿಯ ಓಲೆ. ಆ ಓಲೆಯನ್ನು ಕಂಡುದಕ್ಕಾಗಿ ನಾವು ವಿಲ್ಕ್ಸನಿಗೆ ಋಣಿಗಳು. ಆದರೆ ಪಕ್ಕದ ಅಂಗಡಿಯಲ್ಲಿ ತನ್ನ ದಂಡು ಕೊಂಡ ಜೋಳವು ಯಾರ ಹಗೇವಿನಿಂದ ಬಂದಿತೆಂದು ಅವನು ಕೇಳುವುದಿಲ್ಲ. ಕಣಜವೂ ಓಲೆಯೂ ಒಂದೇ ದಾರಿಯಿಂದ ಬಂದವಲ್ಲವೆ? ಮಿತ್ರಸೇನೆಗಳ ಗೆಲುವಿನ ಲೆಕ್ಕದಲ್ಲಿ ಕನ್ನಡ ನಾಡಿನ ಒಕ್ಕಲಿಗನ ಖಾತೆ ಎಲ್ಲಿಯೂ ಕಾಣುವುದಿಲ್ಲ. ಅದೇ ವರ್ಷ ಪಟವರ್ಧನರ ಕಡೆಯ ಸವಾರರು ಶೃಂಗೇರಿಯ ಮಠವನ್ನು ಸುಲಿದರು. ಆ ವಿಷಯವಾಗಿ ಟಿಪ್ಪುವು ಸಚ್ಚಿದಾನಂದ ಭಾರತೀ ಸ್ವಾಮಿಗಳಿಗೆ ಬರೆಸಿದ ಕನ್ನಡ ಪತ್ರಗಳು ೧೯೧೬ರಲ್ಲಿ ಆರ್. ನರಸಿಂಹಾಚಾರ್ಯರಿಂದ ಬೆಳಕಿಗೆ ಬಂದುವು. ಟಿಪ್ಪುವಿನ ಧರ್ಮನೀತಿಯ ಚರ್ಚೆಗೆ ಮಾತ್ರ ಅವನ್ನು ಬಳಸುತ್ತ ಬಂದಿದ್ದೇವೆ. ಮಿತ್ರಸೇನೆಯೊಂದು ಹಾದುಹೋದ ನಾಡಿನ ಸ್ಥಿತಿಗೆ ಅವು ಸಾಕ್ಷಿಯೆಂಬುದನ್ನು ಗಮನಿಸಿದವರು ಅಲ್ಪ.

ಮುಂದಿನ ಆರೇಳು ತಿಂಗಳುಗಳ ನಿಜವಾದ ಯುದ್ಧವು ಸಾಮಗ್ರಿಯದು. ಲಂಬಾಣಿಗಳ ಹೇರೆತ್ತುಗಳನ್ನು ಕಂಪನಿಯ ಕಡೆಗೆ ಒಲಿಸಿಕೊಳ್ಳುವಲ್ಲಿ ಕ್ಯಾಪ್ಟನ್ ರೀಡನು ತೋರಿದ ಜಾಣ್ಮೆಯು ಯಾವ ಕೋಟೆಯ ಲಗ್ಗೆಗೂ ಕಡಮೆಯದಲ್ಲ. ಅಕ್ಟೋಬರ್ ೧೯ರಂದು ನಂದಿದುರ್ಗ, ಡಿಸೆಂಬರ್ ೨೧ರಂದು ಸಾವನದುರ್ಗ ವಶವಾದುವು. ಬೆಂಗಳೂರಿನ ಹಿಂದುಮುಂದಿನ ದಾರಿಗಳು ನಿರಾತಂಕವಾದುವು. ಈ ನಡುವೆ ಪರಶುರಾಮ ಭಾವೂ ಮಾಡಿದ್ದನ್ನು ಸಮರ್ಥಿಸಲು ನನಗೆ ಮನಸ್ಸಿಲ್ಲ. ಲಿಟ್ಲನ ಕಾಲಾಳುಗಳ ಬಲದಿಂದ ಶಿವಮೊಗ್ಗೆಯ ಬಳಿ ಜಯ ದೊರೆತಮೇಲೆ, ಗೊತ್ತುಮಾಡಿದಂತೆ ಅಬರ್‌ಕ್ರೊಂಬಿಯನ್ನು ಕೂಡಿಕೊಳ್ಳುವುದನ್ನು ಬಿಟ್ಟು ಅವನು ಬಿದನೂರಿನ ಸಂಪತ್ತಿನತ್ತ ತಿರುಗಿದನು. ಶ್ರೀರಂಗಪಟ್ಟಣಕ್ಕೆ ಬಂದು ಮುಟ್ಟುವ ಹೊತ್ತಿಗೆ ಕಾಳಗವೇ ಮುಗಿದುಹೋಗಿತ್ತು.

೧೭೯೨ರ ಫೆಬ್ರವರಿ ೬ರ ರಾತ್ರಿ ಕಾರ್ನ್‌ವಾಲಿಸನು ಟಿಪ್ಪುವಿನ ಪಾಳೆಯದ ಮೇಲೆ ಬಿದ್ದನು. ಮಿತ್ರರಿಗೆ ಈ ಸಂಗತಿ ತಿಳಿದುದು ತುಕಡಿಗಳು ಹೊರಟುಹೋದ ಮೇಲೆ. ಸೇನಾಪತಿಯು ಸಾಮಾನ್ಯ ಸಿಪಾಯಿಯಂತೆ ಕತ್ತಲಲ್ಲಿ ಕಾಲಾಳುಗಳೊಡನೆ ಹೋದನೆಂದು ಕೇಳಿ ಅವರು ಬೆರಗಾದರಂತೆ. ಮೂವರು ಮಿತ್ರರ ಯುದ್ಧದ ನಿರ್ಣಾಯಕ ಕಾಳಗವನ್ನು ಒಬ್ಬನೇ ಹೂಡಿದನೆಂಬುದನ್ನು ಆಧಾರವಾಗಿಟ್ಟುಕೊಂಡು ಮೈತ್ರಿಯು ನಿರರ್ಥಕವಾಗಿತ್ತೆಂದು ವಾದಿಸುವವರಿದ್ದಾರೆ. ಈ ವಾದ ನನಗೆ ಒಪ್ಪಿಗೆಯಿಲ್ಲ. ಮೇ ತಿಂಗಳಲ್ಲಿಯೂ ಕಾಳಗವನ್ನು ಅವನೇ ಗೆದ್ದಿದ್ದನು. ಆಗ ಗೆದ್ದವನು ಫಿರಂಗಿ ಒಡೆದು ಹಿಂದಿರುಗಿದನು, ಈಗ ಗೆದ್ದವನು ನಿಂತನು. ಈಗ ಬೆನ್ನ ಹಿಂದೆ ಧಾನ್ಯವಿತ್ತು, ಹರಿಪಂತನ ಮತ್ತು ನಿಜಾಮನ ಸವಾರರಿದ್ದರು, ಫೆಬ್ರವರಿ ೧೬ರಂದು ಅಬರ್‌ಕ್ರೊಂಬಿಯೂ ಬಂದು ಕೂಡಿದನು. ಒಂದೇ ರಣಾಂಗಣದ ಎರಡು ಜಯಗಳಿಗೆ ಬೇರೆ ಬೇರೆ ಫಲವೇಕೆ ಬಂದಿತೆಂಬುದಕ್ಕೆ ಕಾರ್ನ್‌ವಾಲಿಸನ ಧೈರ್ಯವು ಉತ್ತರವಾಗಲಾರದು.

ಸಂಧಿಯ ಕರಾರುಗಳು ಎಲ್ಲರಿಗೂ ತಿಳಿದವೇ: ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಒತ್ತೆಯಾಗಿ ಇಬ್ಬರು ಮಕ್ಕಳು. ಮೈಸೂರು ಪೂರ್ಣವಾಗಿ ಅಳಿಯುವುದು ಮರಾಠರಿಗೆ ಬೇಕಿರಲಿಲ್ಲ. ಸಂಧಿಯ ಮಾತುಕತೆಯಲ್ಲಿ ಹರಿಪಂತನ ಒಲವು ಅತ್ತಲೇ ಇತ್ತು. ಕಂಪನಿಯು ಇದನ್ನು ಮರೆಯಲಿಲ್ಲ. ೧೭೯೮ರ ಒಪ್ಪಂದದಿಂದ ನಿಜಾಮನನ್ನು ತನ್ನ ಸಹಾಯಕ ಸೈನ್ಯದ ಆಶ್ರಿತನನ್ನಾಗಿ ಮಾಡಿಕೊಂಡಿತು. ೧೭೯೯ರಲ್ಲಿ ನಿಜಾಮನ ದಂಡು ನಡೆದುದು ಆರ್ಥರ್ ವೆಲ್ಲೆಸ್ಲಿಯ ಕೈಕೆಳಗೆ. ಮರಾಠರು ಬರಲೇ ಇಲ್ಲ, ಅವರಿಗಾಗಿ ಯಾರೂ ಕಾಯಲೂ ಇಲ್ಲ. ಜನರಲ್ ಹ್ಯಾರಿಸನು ತನ್ನ ಧಾನ್ಯವನ್ನು ತಾನೇ ಹೊತ್ತು ತಂದನು. ಆದರೂ ಏಪ್ರಿಲ್ ನಡುವಿನಲ್ಲಿ ಅಕ್ಕಿ ತೀರಿಹೋಗುವ ಭಯ ಅವನನ್ನು ಹಿಡಿಯಿತು. ಈ ಬಾರಿ ಕೋಟೆಯು ಮೇ ೪ರಂದು, ಕಾವೇರಿ ತುಂಬುವ ಮೊದಲೇ, ಬಿದ್ದುಹೋಯಿತು.