ಮೊಬೈಲಿನ ಕನ್ನಡ, ಕಂಪ್ಯೂಟರಿನ ಕನ್ನಡ

ಕಾಸರಗೋಡಿನಲ್ಲಿ ಕನ್ನಡ ಬರೆಯುವವರು ಕಡಿಮೆಯಾದರು ಎಂಬ ದೂರು ಪ್ರತಿ ಸಭೆಯಲ್ಲೂ ಕೇಳಿಬರುತ್ತದೆ. ನನಗೆ ಅದು ಪೂರ್ತಿ ನಿಜ ಅನಿಸುವುದಿಲ್ಲ. ಆಂಡ್ರಾಯ್ಡ್ ಮೊಬೈಲಿಗೆ ಕನ್ನಡ ಬಂದದ್ದು 2012ರಲ್ಲಿ, 4.1ನೆಯ ಆವೃತ್ತಿಯ ಹೊತ್ತಿಗೆ. ಅಲ್ಲಿಂದೀಚೆಗೆ ಪೆನ್ನು ಹಿಡಿಯಲು ಉದಾಸೀನ ಮಾಡುತ್ತಿದ್ದವರೂ ಬರೆಯತೊಡಗಿದ್ದಾರೆ. ಕೈ ನಡುಗುವ ಹಿರಿಯರು ಬಾಯಲ್ಲಿ ಹೇಳಿದರೆ ಸಾಕು, ಅಕ್ಷರ ತಾನಾಗಿ ಮೂಡುತ್ತದೆ. ಯಕ್ಷಗಾನದ ಟಿಪ್ಪಣಿ, ತರವಾಡು ಮನೆಯ ಕಥೆ, ಅಡುಗೆಯ ಕ್ರಮ, ಎಲ್ಲವೂ ಮೊಬೈಲಿನಲ್ಲಿ ಉಂಟು.

ತೊಂದರೆ ಶುರುವಾಗುವುದು ಅದನ್ನು ಪುಸ್ತಕ ಮಾಡಲು ಹೊರಟಾಗ. ವಾಟ್ಸಾಪಿನಲ್ಲಿ ಬಂದ ಲೇಖನವನ್ನು ಡಿ.ಟಿ.ಪಿ. ಅಂಗಡಿಗೆ ಕಳಿಸಿದರೆ ಉತ್ತರ ಹೆಚ್ಚಾಗಿ ಒಂದೇ: “ಮಾಷ್ಟ್ರೇ, ಇದು ಬರುದಿಲ್ಲ. ಪೇಜ್‌ಮೇಕರಿಗೆ ಹಾಕಿದ್ರೆ ಪೂರ ಪ್ರಶ್ನೆಚಿಹ್ನೆ. ಪುನಃ ಟೈಪ್ ಮಾಡ್ಬೇಕು.” ಹಾಗೆ ಒಮ್ಮೆ ಬರೆದದ್ದಕ್ಕೆ ಎರಡನೇ ಸಲ ಟೈಪಿಂಗಿನ ದುಡ್ಡು, ಅದರ ಮೇಲೆ ಹೊಸ ತಪ್ಪುಗಳು. ಕರಡು ತಿದ್ದೋಣ ಎಂದು ಅಂಗಡಿಯ ಫೈಲನ್ನು ಮೊಬೈಲಿಗೆ ತರಿಸಿಕೊಂಡರೆ ಅಲ್ಲಿ ಕನ್ನಡವೇ ಇಲ್ಲ. ‘ಕನ್ನಡ’ ಎಂಬ ಮೂರಕ್ಷರದ ಪದ ಇಂಗ್ಲಿಷಿನ ಪಿ, ಪೌಂಡಿನ ಗುರುತು, ಕ್ಯೂ, ನಡುನಡುವೆ ತಲೆಯ ಮೇಲೆ ಗೀಟು ಹೊತ್ತ ಎ, ಹೀಗೆ ಏನೇನೋ ಆಗಿ ಕಾಣುತ್ತದೆ.

ಇದು ಕೇಬಲ್ಲಿನ ದೋಷವೂ ಅಲ್ಲ, ನೆಟ್‌ವರ್ಕಿನದ್ದೂ ಅಲ್ಲ. ಎರಡು ಯಂತ್ರಗಳು ಕನ್ನಡವನ್ನು ತಿಳಿದುಕೊಂಡ ಬಗೆಯೇ ಬೇರೆ. ಮೊಬೈಲು ಯುನಿಕೋಡನ್ನು ಬಳಸುತ್ತದೆ. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಿಂದಲೇ ಕನ್ನಡದ ಪ್ರತಿ ಅಕ್ಷರಕ್ಕೂ ಅದರದ್ದೇ ಆದ ಸಂಖ್ಯೆ ಉಂಟು. ಅಂಗಡಿಯ ಕಂಪ್ಯೂಟರಿನ ಹಳೆಯ ಫಾಂಟುಗಳಲ್ಲಿ ಹಾಗಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳ ಚಿತ್ರ ಕೂರಿಸಿದ್ದಾರೆ. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಇಂಗ್ಲಿಷ್. ಆ ಫಾಂಟು ಮೊಬೈಲಿನಲ್ಲಿ ಇಲ್ಲದ ಕಾರಣ ವೇಷ ಕಳಚುತ್ತದೆ.

ಹಳೆಯ ವ್ಯವಸ್ಥೆಯನ್ನು ಹೀಗಳೆಯುವುದು ನ್ಯಾಯವಲ್ಲ. 1998ರಲ್ಲಿ ‘ಬರಹ’ ಬಂದಾಗ, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದಾಗ, ಯುನಿಕೋಡನ್ನು ಸರಿಯಾಗಿ ತೋರಿಸುವ ಕಂಪ್ಯೂಟರೇ ಸಾಮಾನ್ಯರ ಕೈಯಲ್ಲಿ ಇರಲಿಲ್ಲ. ಆ ತಂತ್ರಾಂಶಗಳಿಂದಲೇ ಎಷ್ಟೋ ಪುಸ್ತಕಗಳು ಅಚ್ಚಾದವು. ಅಂಗಡಿಯವರ ಮಾತೂ ಸುಳ್ಳಲ್ಲ. ಹಳೆಯ ಫಾಂಟುಗಳು ಚಂದ, ಪೇಜ್‌ಮೇಕರ್ ಹಳೆಯ ಯಂತ್ರದಲ್ಲೂ ಓಡುತ್ತದೆ, ಇನ್‌ಡಿಸೈನಿಗೆ ದುಡ್ಡು ಕೊಡುತ್ತಲೇ ಇರಬೇಕು. ಆದರೆ ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ನುಡಿಯಲ್ಲೂ ಬರಹದಲ್ಲೂ ಯುನಿಕೋಡಿನಲ್ಲಿ ಬರೆಯಲು ಆಗುತ್ತದೆ. ಲಿಬ್ರೆ ಆಫೀಸ್, ಸ್ಕ್ರೈಬಸ್ ಉಚಿತವಾಗಿಯೇ ಸಿಗುತ್ತವೆ. ಈಗಲೂ ದಾರಿ ಇಲ್ಲ ಎಂದರೆ ಒಪ್ಪುವುದು ಹೇಗೆ ಮಾರಾಯ್ರೆ?

ಕನ್ವರ್ಟರ್ ಉಂಟಲ್ಲ ಎಂದು ಕೆಲವರು ಕೇಳುತ್ತಾರೆ. ಉಂಟು, ಉಪಯೋಗವೂ ಉಂಟು. ಆದರೆ ಅದರ ಮೇಲೆ ಪೂರ್ತಿ ಭಾರ ಹಾಕುವ ಹಾಗಿಲ್ಲ. ‘ಅರ್ಕ’ ಎಂಬಲ್ಲಿ ರೇಫವನ್ನು ಯುನಿಕೋಡ್ ಉಚ್ಚಾರದ ಕ್ರಮದಂತೆ ‘ಕ’ದ ಮೊದಲು ಇಡುತ್ತದೆ, ಹಳೆಯ ಫಾಂಟು ಕಣ್ಣಿಗೆ ಕಂಡಂತೆ ‘ಕ’ದ ನಂತರ ಇಡುತ್ತದೆ. ಈ ಅದಲುಬದಲಿನಲ್ಲಿ ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಹಾರಬಹುದು, ಒತ್ತಕ್ಷರ ಬಿಟ್ಟುಹೋಗಬಹುದು. ಮಾಮೂಲಿ ಪದವಾದರೆ ಓದುಗ ಊಹಿಸಿಕೊಂಡಾನು. ಮನೆತನದ ಹೆಸರು, ದೈವದ ಹೆಸರು, ತೀರಿಹೋದವರ ಹೆಸರು ಕೆಟ್ಟರೆ ಊಹೆ ನಡೆಯುವುದಿಲ್ಲ.

ಕರ್ನಾಟಕದ ಪೇಟೆಯಲ್ಲಿ ಒಂದು ಅಂಗಡಿ ಬೇಡವಾದರೆ ಇನ್ನೊಂದು ಉಂಟು. ನಮ್ಮಲ್ಲಿ ಹೆಚ್ಚಿನ ಅಂಗಡಿಗಳ ದಿನದ ಕೆಲಸ ಮಲಯಾಳದಲ್ಲಿ. ಕನ್ನಡ ಓದಲು ಬಾರದ ಹುಡುಗ ಪುಟ ಕಟ್ಟುವಾಗ ಅಕ್ಷರ ತಪ್ಪಿದ್ದು ಅವನಿಗೆ ಹೇಗೆ ಗೊತ್ತಾಗಬೇಕು? ಅದಕ್ಕಿಂತ ದೊಡ್ಡ ನಷ್ಟ ಬೇರೆ. ಹಳೆಯ ಫಾಂಟಿನಲ್ಲಿ ಉಳಿದ ಬರಹ ಹುಡುಕಿದರೆ ಸಿಗುವುದಿಲ್ಲ. ಅದರ ಪಿ.ಡಿ.ಎಫ್. ಮೊಬೈಲಿನಲ್ಲಿ ಓದಲು ಚಂದ ಕಾಣಬಹುದು, ಆದರೆ ಒಂದು ಸಾಲು ನಕಲು ಮಾಡಿದರೆ ಮತ್ತೆ ಪೌಂಡು, ಕ್ಯೂ. ಊರಿನ ನೆನಪು ಫೈಲಿನಲ್ಲಿ ಉಂಟು, ಕೈಗೆ ಮಾತ್ರ ಸಿಕ್ಕದು.

ಆದಕಾರಣ ವಾಚನಾಲಯಗಳು ಎರಡು ಷರತ್ತು ಹಾಕಬೇಕು ಎಂಬುದು ನನ್ನ ಅಭಿಪ್ರಾಯ. ಯುನಿಕೋಡಿನಲ್ಲಿ ಬಂದ ಲೇಖನವನ್ನು ಯುನಿಕೋಡಿನಲ್ಲೇ ಪುಟ ಕಟ್ಟುವ ಅಂಗಡಿಗೆ ಕೆಲಸ ಕೊಡಬೇಕು. ಪುಸ್ತಕ ಅಚ್ಚಾದ ಮೇಲೆ, ತಿದ್ದಿದ ಪಾಠದ ಯುನಿಕೋಡ್ ಪ್ರತಿಯನ್ನು ಕೇಳಿ ಪಡೆದು, ಪುಸ್ತಕದ ಜೊತೆ ಅದನ್ನೂ ವಾಚನಾಲಯದಲ್ಲಿ ಇಡಬೇಕು. ಸ್ವಲ್ಪ ಖರ್ಚು ಹೆಚ್ಚಾಗಲಿ. ಗಡಿಯ ಈಚೆ ಇದ್ದುಕೊಂಡು ಬರೆದ ಕನ್ನಡಕ್ಕೆ ಮೊಬೈಲಿಗೂ ಅಚ್ಚಿಗೂ ನಡುವೆ ಇನ್ನೊಂದು ಗಡಿ ಯಾಕೆ?