ಬುಟ್ಟಿಯ ಗಾದೆಯೂ ತೋಟದ ಲೆಕ್ಕವೂ: ಷೇರು ಬಂಡವಾಳದ ಹಂಚಿಕೆಯನ್ನು ಕುರಿತು ಒಂದು ವಿಮರ್ಶೆ

ಷೇರುಗಳಲ್ಲಿ ಹಣ ತೊಡಗಿಸುವವರಿಗೆ ಹೇಳುವ ಹಿತೋಕ್ತಿಗಳಲ್ಲಿ ‘ಮೊಟ್ಟೆಗಳನ್ನೆಲ್ಲ ಒಂದೇ ಬುಟ್ಟಿಯಲ್ಲಿ ಇಡಬೇಡಿ’ ಎಂಬುದು ಅಗ್ರಗಣ್ಯವಾದುದು. ಹೊರಗಿನಿಂದ ಬಂದ ಗಾದೆಯಾದರೂ ಅದು ಕನ್ನಡದಲ್ಲಿ ಮನೆಮಾತಾಗಿದೆ. ಅದರ ಸತ್ಯಾಂಶವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಗಾದೆಯೊಂದು ಸಿದ್ಧಾಂತದ ಪೀಠವನ್ನೇರಿದಾಗ ಅದರ ಅರ್ಥವ್ಯಾಪ್ತಿಯನ್ನು ಪರೀಕ್ಷಿಸುವುದು ವಿಮರ್ಶೆಯ ಕರ್ತವ್ಯವಾಗುತ್ತದೆ. ಬುಟ್ಟಿಗಳು ಎಷ್ಟು ಎಂದು ಗಾದೆ ಕೇಳುತ್ತದೆ. ಅವುಗಳನ್ನೆಲ್ಲ ಒಂದೇ ಗಾಡಿಯಲ್ಲಿ ಹೇರಿದೆಯೇ ಎಂದು ಕೇಳುವುದಿಲ್ಲ. ಈ ಕೊರತೆ ಎಷ್ಟು ದೊಡ್ಡದೆಂಬುದನ್ನು ಶೃಂಗೇರಿ ತಾಲ್ಲೂಕಿನ ಮೆಣಸೆಯಂಥ ಗ್ರಾಮದ ಅಡಕೆ ಬೆಳೆಗಾರನ ಸ್ಥಿತಿಯನ್ನು ಮುಂದಿಟ್ಟುಕೊಂಡು ಪ್ರಕೃತ ಲೇಖನದಲ್ಲಿ ವಿಚಾರಿಸುತ್ತೇವೆ.

೧. ಸಿದ್ಧಾಂತದ ತಿರುಳು

ಹಂಚಿಕೆಯ ವಿಚಾರಕ್ಕೆ ಗಣಿತದ ಆಧಾರ ಒದಗಿದ್ದು ೧೯೫೨ರಲ್ಲಿ. ಆ ವರ್ಷ ಅಮೆರಿಕದ ‘ಜರ್ನಲ್ ಆಫ್ ಫೈನಾನ್ಸ್’ ಪತ್ರಿಕೆಯಲ್ಲಿ ಹ್ಯಾರಿ ಮಾರ್ಕೊವಿಟ್ಸರ ಪ್ರಬಂಧ ಪ್ರಕಟವಾಯಿತು. ೧೯೯೦ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಅವರ ವಾದದ ತಿರುಳು ಇಷ್ಟೇ: ಒಂದು ಷೇರಿನ ಅಪಾಯವನ್ನು ಅದರಷ್ಟಕ್ಕೇ ಅಳೆದರೆ ಸಾಲದು, ಅದು ಉಳಿದವುಗಳೊಡನೆ ಎಷ್ಟರಮಟ್ಟಿಗೆ ಕೂಡಿ ಏರುತ್ತದೆ, ಕೂಡಿ ಇಳಿಯುತ್ತದೆ ಎಂಬುದನ್ನು ಅಳೆಯಬೇಕು.

ಒಂದು ಲೆಕ್ಕದಿಂದ ಇದು ವಿಶದವಾದೀತು. ಪ್ರತಿಯೊಂದು ಷೇರಿನ ಏರಿಳಿತದ ಪ್ರಮಾಣವೂ ಶೇಕಡ ೩೦ ಎಂದು ಇಟ್ಟುಕೊಳ್ಳೋಣ. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಷೇರುಗಳಲ್ಲಿ ಹಣವನ್ನು ಸಮನಾಗಿ ಹಂಚಿದರೆ ಒಟ್ಟು ಏರಿಳಿತ ಸುಮಾರು ಶೇಕಡ ೨೧ಕ್ಕೆ ಇಳಿಯುತ್ತದೆ. ಸಹಸಂಬಂಧ ೦.೮ರಷ್ಟಿರುವ ಇಪ್ಪತ್ತು ಷೇರುಗಳಲ್ಲಿ ಹಂಚಿದರೆ ಅದು ಶೇಕಡ ೨೭ರಲ್ಲೇ ನಿಲ್ಲುತ್ತದೆ. ಅಪರಿಚಿತರಾದ ಇಬ್ಬರ ಆಸರೆ ಒಂದೇ ಮನೆಯ ಇಪ್ಪತ್ತು ಮಂದಿಯ ಆಸರೆಗಿಂತ ಗಟ್ಟಿ. ಆದಕಾರಣ ಸಂಖ್ಯೆಯನ್ನು ಹಂಚಿಕೆಯೆಂದು ಭ್ರಮಿಸಲಾಗದು.

೨. ತೋಟದ ಸಾಕ್ಷ್ಯ

ಮಲೆನಾಡಿನ ಅಡಕೆ ತೋಟವನ್ನು ವೈವಿಧ್ಯಕ್ಕೆ ಮಾದರಿಯೆಂದು ಹೇಳುವುದುಂಟು. ಅಡಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿರುತ್ತದೆ. ನೆರಳಿನಲ್ಲಿ ಏಲಕ್ಕಿ, ಕಾಫಿ, ಬಾಳೆ, ಕೆಲವೆಡೆ ಕೋಕೋ ಇರುತ್ತವೆ. ಮೇಲ್ನೋಟಕ್ಕೆ ಐದಾರು ಬುಟ್ಟಿಗಳು. ಬೆಲೆಯ ದೃಷ್ಟಿಯಿಂದ ಈ ಮಾತು ಬಹುಮಟ್ಟಿಗೆ ನಿಜ. ಅಡಕೆಯ ಬೆಲೆ ಮುಖ್ಯವಾಗಿ ದೇಶದೊಳಗಿನ ಬೇಡಿಕೆಯನ್ನು ಅವಲಂಬಿಸಿದೆ. ಮೆಣಸಿನ ಬೆಲೆಯ ಮೇಲೆ ವಿಯೆಟ್ನಾಮಿನ ಫಸಲಿನ ಛಾಯೆ ಬೀಳುತ್ತದೆ. ಕಾಫಿಯ ಧಾರಣೆ ಲಂಡನ್ ಮತ್ತು ನ್ಯೂಯಾರ್ಕ್ ಪೇಟೆಗಳನ್ನು ಅನುಸರಿಸುತ್ತದೆ.

ಆದರೆ ಫಸಲಿನ ದೃಷ್ಟಿಯಿಂದ ನೋಡಿದರೆ ಚಿತ್ರ ಬೇರೆ. ಅಡಕೆಯ ಕೊಳೆರೋಗ, ಮೆಣಸಿನ ಸೊರಗುರೋಗ, ಏಲಕ್ಕಿಯ ಕಾಯಿಕೊಳೆ, ಕೋಕೋದ ಕಾಯಿಕೊಳೆ ಇವು ಹೆಸರಿನಲ್ಲಿ ನಾಲ್ಕಾದರೂ ನಾಲ್ಕಕ್ಕೂ ಕಾರಣ ಫೈಟಾಫ್ತೊರ ಎಂಬ ಒಂದೇ ಕುಲದ ರೋಗಾಣುಗಳು. ಎಡೆಬಿಡದ ಮಳೆ, ಆರದ ತೇವ ಇವೇ ಅವುಗಳಿಗೆ ಪೋಷಕ. ಹೀಗಾಗಿ ಮಳೆ ಅತಿಯಾದ ವರ್ಷ ಬುಟ್ಟಿಗಳೆಲ್ಲ ಒಟ್ಟಿಗೆ ನೆನೆಯುತ್ತವೆ. ಬೆಲೆಯ ಅಪಾಯವನ್ನು ಹಂಚಿದ ತೋಟ ಹವೆಯ ಅಪಾಯವನ್ನು ಹಂಚಿರುವುದಿಲ್ಲ. ಎಷ್ಟು ಬಗೆ ಎನ್ನುವುದಕ್ಕಿಂತ ಮೊದಲು ಯಾವ ಅಪಾಯಕ್ಕೆ ಎದುರಾಗಿ ಎಂದು ಕೇಳಬೇಕೆಂಬುದು ಇದರಿಂದ ಸಿದ್ಧವಾಗುತ್ತದೆ.

೩. ಹೆಸರುಗಳ ವೈವಿಧ್ಯ

ಈಗ ಷೇರುಗಳಿಗೆ ಬರೋಣ. ಪರಿಚಿತವಾದುದರಲ್ಲಿ ನಂಬಿಕೆ ಹುಟ್ಟುವುದು ಸಹಜ. ಮೈಸೂರು ಸೀಮೆಯ, ಕರಾವಳಿಯ ಬ್ಯಾಂಕುಗಳ ಷೇರುಗಳನ್ನು ಅಭಿಮಾನದಿಂದ ಕೂಡಿಟ್ಟ ಒಂದು ಸಂಸಾರವನ್ನು ಭಾವಿಸಿಕೊಳ್ಳೋಣ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ವಿಜಯಾ, ಕಾರ್ಪೊರೇಷನ್, ಸಿಂಡಿಕೇಟ್, ಕೆನರಾ: ಪಟ್ಟಿಯಲ್ಲಿ ಐದು ಹೆಸರುಗಳು. ಇವುಗಳಲ್ಲಿ ಮೊದಲನೆಯದು ೨೦೧೭ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. ವಿಜಯಾ ಬ್ಯಾಂಕು ೨೦೧೯ರಲ್ಲಿ ಬರೋಡ ಬ್ಯಾಂಕಿನೊಡನೆ ಸೇರಿತು. ೨೦೨೦ರಲ್ಲಿ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲೂ, ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲೂ ವಿಲೀನಗೊಂಡವು. ವಿಲೀನದಿಂದ ಷೇರುದಾರನಿಗೆ ಲಾಭವಾಯಿತೋ ನಷ್ಟವಾಯಿತೋ ಎಂಬುದು ಇಲ್ಲಿ ಪ್ರಸ್ತುತವಲ್ಲ. ವಿಲೀನಕ್ಕೆ ಮೊದಲೂ ಆ ಐದಕ್ಕೂ ಒಡೆತನ ಒಂದೇ ಬಗೆಯದು, ವ್ಯವಹಾರ ಒಂದೇ ಬಗೆಯದು. ೨೦೧೫ರಲ್ಲಿ ರಿಸರ್ವ್ ಬ್ಯಾಂಕು ಸಾಲಗಳ ಗುಣಪರಿಶೀಲನೆಗೆ ತೊಡಗಿದ ಮೇಲೆ ವಸೂಲಾಗದ ಸಾಲದ ಹೊರೆ ಸರ್ಕಾರಿ ಬ್ಯಾಂಕುಗಳಲ್ಲೆಲ್ಲ ಬೆಳಕಿಗೆ ಬಂತು. ಐದು ಹೆಸರು, ಒಂದೇ ಮಳೆ.

ಅದೇ ಸಂಸಾರದ ಮಗನೋ ಮಗಳೋ ಬೆಂಗಳೂರಿನ ತಂತ್ರಾಂಶ ಉದ್ಯಮದಲ್ಲಿ ಇರುವುದು ಇಂದು ಸಾಮಾನ್ಯ. ನೌಕರರಿಗೆ ಕಂಪನಿಯ ಷೇರುಗಳನ್ನು ಹಂಚುವ ಪದ್ಧತಿಯನ್ನು ಇನ್ಫೋಸಿಸ್ ೧೯೯೪ರಲ್ಲಿಯೇ ಆರಂಭಿಸಿತು; ಅದರಿಂದ ಮಧ್ಯಮ ವರ್ಗದ ಅನೇಕರು ಸಿರಿವಂತರಾದರು. ಆದರೆ ಸಂಬಳ, ಷೇರು, ಮನೆಯ ಸಾಲದ ಕಂತು ಮೂರೂ ಒಂದೇ ಉದ್ಯಮದ ಮೇಲೆ ನಿಂತಿದ್ದರೆ ಅದನ್ನು ಹಂಚಿಕೆಯೆನ್ನುವಂತಿಲ್ಲ. ೨೦೦೧ರಲ್ಲಿ ಅಮೆರಿಕದ ಎನ್ರಾನ್ ಕುಸಿದಾಗ ಅದರ ನೌಕರರು ಕೆಲಸವನ್ನೂ, ಅದೇ ಕಂಪನಿಯ ಷೇರುಗಳಲ್ಲಿಟ್ಟಿದ್ದ ನಿವೃತ್ತಿಯ ಉಳಿತಾಯವನ್ನೂ ಒಟ್ಟಿಗೆ ಕಳೆದುಕೊಂಡದ್ದು ಲೋಕವಿದಿತ.

೪. ಆಕ್ಷೇಪಗಳ ಪರಿಶೀಲನೆ

ಹಂಚಿಕೆಯನ್ನೇ ಆಕ್ಷೇಪಿಸುವ ಪಕ್ಷವೊಂದಿದೆ. ಕೇಂಬ್ರಿಜ್ಜಿನ ಕಿಂಗ್ಸ್ ಕಾಲೇಜಿನ ನಿಧಿಯನ್ನು ನಿರ್ವಹಿಸಿದ ಕೇನ್ಸರು ೧೯೩೪ರ ಪತ್ರವೊಂದರಲ್ಲಿ, ತಾನರಿಯದ ಅನೇಕ ಉದ್ಯಮಗಳಲ್ಲಿ ಹಣ ಹರಡುವುದರಿಂದ ಅಪಾಯ ತಗ್ಗುತ್ತದೆಂಬುದು ತಪ್ಪು ತಿಳಿವಳಿಕೆಯೆಂದೂ, ಚೆನ್ನಾಗಿ ಬಲ್ಲ ಕೆಲವನ್ನೇ ಹಿಡಿಯುವುದು ಲೇಸೆಂದೂ ವಾದಿಸಿದರು. ಈ ವಾದವನ್ನು ಹಗುರವಾಗಿ ಕಾಣಲಾಗದು. ಕೊಳೆರೋಗವನ್ನು ಮಲೆನಾಡು ಗೆದ್ದದ್ದು ಬೆಳೆ ಬದಲಿಸಿ ಅಲ್ಲ, ರೋಗವನ್ನು ಅರಿತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ನರು ಅದನ್ನು ಅಭ್ಯಸಿಸಿ ೧೯೧೦ರಲ್ಲಿ ಪ್ರಬಂಧ ಪ್ರಕಟಿಸಿದರು. ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣ ಇಂದಿಗೂ ತೋಟಗಳನ್ನು ಕಾಯುತ್ತಿದೆ.

ಆದರೆ ಅದೇ ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಸೀಮೆಯಲ್ಲಿ ಹಳದಿ ಎಲೆ ರೋಗವೂ ಇದೆ. ದಶಕಗಳ ಸಂಶೋಧನೆಯಾದರೂ ಅದನ್ನು ಗುಣಪಡಿಸುವ ಔಷಧ ಬಂದಿಲ್ಲ. ತೋಟ ವರ್ಷದಿಂದ ವರ್ಷಕ್ಕೆ ಕ್ಷೀಣಿಸುತ್ತದೆ. ಅಲ್ಲಿ ಬಲ್ಲತನ ಸಾಲದು. ತೋಟದಾಚೆಗೂ ಆದಾಯವಿದ್ದವನು ಮಾತ್ರ ಉಳಿಯುತ್ತಾನೆ. ಷೇರುಪೇಟೆಯಲ್ಲಿಯೂ ಈ ಎರಡು ಬಗೆಗಳಿವೆ. ಸಾಲದ ಭಾರ, ಲಾಭದ ಇಳಿತ ಇವು ಲೆಕ್ಕಪತ್ರ ಓದಬಲ್ಲವನಿಗೆ ಕಾಣುವಂಥವು. ೨೦೦೯ರ ಜನವರಿ ೭ರಂದು ಸತ್ಯಂ ಕಂಪನಿಯ ಲೆಕ್ಕಪತ್ರಗಳೇ ಸುಳ್ಳೆಂದು ಬಯಲಾಗಿ, ಆ ಒಂದೇ ದಿನದಲ್ಲಿ ಷೇರು ಮುಕ್ಕಾಲು ಪಾಲಿಗೂ ಮಿಕ್ಕು ಬೆಲೆ ಕಳೆದುಕೊಂಡಿತು. ಓದಬಲ್ಲವನನ್ನೂ ಅಲ್ಲಿ ಕಾಯಬಹುದಾಗಿದ್ದುದು ಹಂಚಿಕೆಯೊಂದೇ.

ಇನ್ನೊಂದು ಆಕ್ಷೇಪ ಸಿದ್ಧಾಂತದ ಒಳಗಿನದು. ಹಿಂದಿನ ವರ್ಷಗಳ ಸಹಸಂಬಂಧ ಸಂಕಟಕಾಲದಲ್ಲಿ ನಿಲ್ಲುವುದಿಲ್ಲ. ೨೦೦೮ರ ಜನವರಿಯಲ್ಲಿ ೨೧,೦೦೦ವನ್ನು ದಾಟಿದ್ದ ಮುಂಬಯಿಯ ಸೂಚ್ಯಂಕ ಅಕ್ಟೋಬರಿನಲ್ಲಿ ೮,೦೦೦ಕ್ಕೂ ಕೆಳಗಿಳಿಯಿತು. ಆಗ ಬಹುತೇಕ ಎಲ್ಲ ಉದ್ಯಮಗಳ ಷೇರುಗಳೂ ಒಟ್ಟಿಗೆ ಬಿದ್ದವು. ಷೇರುಗಳೊಳಗಿನ ಹಂಚಿಕೆ ಒಂದು ಕಂಪನಿಯ ಅಪಾಯವನ್ನು ಕಳೆಯಬಲ್ಲುದು, ಪೇಟೆಯ ಅಪಾಯವನ್ನಲ್ಲ. ಇದಕ್ಕೆ ಠೇವಣಿ, ಸರ್ಕಾರಿ ಸಾಲಪತ್ರ ಮೊದಲಾದ ಬೇರೆ ಜಾತಿಯ ಆಸ್ತಿಗಳೇ ಬೇಕು.

೫. ನಿಷ್ಕರ್ಷೆ

ಮೇಲಿನ ವಿವೇಚನೆಯಿಂದ ನಮಗೆ ತೋರುವುದು ಇಷ್ಟು. ಬೆಳೆಗಾರನು ತನ್ನ ಷೇರುಗಳ ಪಟ್ಟಿಯ ಮೊದಲ ಸಾಲಿನಲ್ಲಿ ತೋಟವನ್ನೇ ಬರೆಯತಕ್ಕದ್ದು. ನೌಕರನು ತನ್ನ ನೌಕರಿಯನ್ನು. ಆ ಸಾಲಿನೊಡನೆ ಕೂಡಿ ಬೀಳದಂಥವುಗಳನ್ನೇ ಉಳಿದ ಸಾಲುಗಳಿಗೆ ಆರಿಸತಕ್ಕದ್ದು. ಎರಡು ಕೆಟ್ಟ ಮಳೆಗಾಲಗಳನ್ನು ದಾಟಿಸುವಷ್ಟು ಹಣವನ್ನು ಷೇರುಗಳಿಂದ ಹೊರಗಿಡದವನು ಬೆಲೆ ಬಿದ್ದ ದಿನವೇ ಮಾರಬೇಕಾಗುತ್ತದೆ. ಆಗ ಹಂಚಿಕೆಯ ಫಲ ಅವನಿಗೆ ದಕ್ಕುವುದಿಲ್ಲ. ವರ್ಷಕ್ಕೊಮ್ಮೆ, ಅಡಕೆಯ ಸುಗ್ಗಿ ಮುಗಿದ ಮೇಲೆ, ಮಿತಿಮೀರಿ ಬೆಳೆದ ಪಾಲನ್ನು ತಗ್ಗಿಸಿ ಕುಗ್ಗಿದ ಪಾಲನ್ನು ತುಂಬಿದರೆ ಸಾಕು. ದಿನದಿನದ ಧಾರಣೆಯ ಬೆನ್ನು ಹತ್ತಬೇಕಾಗಿಲ್ಲ.

೧೯೭೦ರ ಬೆಲೆ ಕುಸಿತದಿಂದ ಪಾಠ ಕಲಿತ ಕರ್ನಾಟಕ ಕೇರಳಗಳ ಬೆಳೆಗಾರರು ೧೯೭೩ರಲ್ಲಿ ಕ್ಯಾಂಪ್ಕೊ ಸಂಸ್ಥೆಯನ್ನು ಕಟ್ಟಿದರು. ಅಡಕೆಗೆಂದು ಹುಟ್ಟಿದ ಆ ಸಂಸ್ಥೆ ೧೯೮೬ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆ ತೆರೆಯಿತು. ಒಂದೇ ಸರಕನ್ನು ನೆಚ್ಚಿದರೆ ಆಗುವುದೇನೆಂಬುದನ್ನು ಕಂಡುಂಡ ಸೀಮೆಗೆ ಹಂಚಿಕೆಯ ವಿವೇಕವನ್ನು ಗಾದೆಯಿಂದ ಕಲಿಸಬೇಕಾದುದಿಲ್ಲ. ತೋಟದಲ್ಲಿ ಕಲಿತ ಆ ಲೆಕ್ಕವನ್ನೇ ಷೇರಿನ ಪಟ್ಟಿಗೂ ಅನ್ವಯಿಸಿದರೆ ಸಾಕೆಂಬುದು ನಮ್ಮ ಮತ.